ದೊಡ್ಡಹನುಮಯ್ಯನ ಮಡಿಸಿದ ಬೆರಳು

ದೊಡ್ಡಹನುಮಯ್ಯನಷ್ಟು ಮೊಂಡ ಮನುಷ್ಯನನ್ನು ನಾನು ನೋಡಿಲ್ಲ. ಒಮ್ಮೆ ನಂಬಿದ್ದನ್ನು ಆತ ಯಾರಿಗಾಗಿಯೂ ಬಿಡುವುದಿಲ್ಲ.

ಊರು ಕೊಳಾಲದ ಹತ್ತಿರ. ಮಧುಗಿರಿ ಕಡೆಯ ಹುಲ್ಲುಗಾವಲಿನಲ್ಲಿ ಇಪ್ಪತ್ತೆಂಟು ವರ್ಷ ಕೃಷ್ಣಮೃಗಗಳನ್ನು ಕಾದವನು. ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ನಮ್ಮ ದುರ್ಬೀನಿಗೆ ಸಿಗದ್ದು ಆತನ ಬರಿಗಣ್ಣಿಗೆ ಸಿಗುತ್ತಿತ್ತು. ಆದರೆ ಮರಿಯಿದ್ದ ಕಡೆಗೆ ಬೆರಳು ಚಾಚುತ್ತಿರಲಿಲ್ಲ. ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ನಮ್ಮ ಕಡೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸುತ್ತಾರೆ. ಮರೆತು ಚಾಚಿದವರು ಆ ಬೆರಳನ್ನು ಕಚ್ಚಿಕೊಳ್ಳಬೇಕು. ಈ ನಿಯಮವನ್ನು ಆತ ಪ್ರಾಣಿಗಳ ಮರಿಗಳಿಗೂ ಹಾಕಿಕೊಂಡಿದ್ದ. ಇದಕ್ಕೆ ಆಧಾರವಿಲ್ಲವೆಂದು ಹತ್ತು ಸಲ ಹೇಳಿದ್ದೇನೆ.

"ನೀವು ಓದಿರೋರು, ನೀವೇ ತೋರ್ಸಿ ಮೇಡಮ್" ಎನ್ನುತ್ತಿದ್ದ.

ಕಳೆದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿ, ಶಿರಾದ ಸುನೀಲ್‌ಕುಮಾರ್, ಕಾರವಾರದಿಂದ ಒಂದು ಸಣ್ಣ ಹಡಗು ಹೊರಡಿಸಿದ. ಹನ್ನೆರಡು ಜನ, ನಾಲ್ಕು ದಿನ, ಕರಾವಳಿಯುದ್ದಕ್ಕೂ ಪ್ರಾಣಿ ಪಕ್ಷಿ ನೋಡುವ ಪ್ರವಾಸ. ಗುರುತಿಸಿ ತೋರಿಸುವ ಕೆಲಸಕ್ಕೆ ನಾನೇ ದೊಡ್ಡಹನುಮಯ್ಯನ ಹೆಸರು ಹೇಳಿದೆ. ನಿವೃತ್ತನಾಗಿದ್ದ ಆತನಿಗೆ ಕೆಲಸ ಬೇಕಾಗಿತ್ತು. ನಾನೂ ಜೊತೆಗೆ ಹೊರಟೆ. ಈ ಪ್ರವಾಸ ಆತನಿಗೆ ಪರೀಕ್ಷೆ. ಜನ ಒಪ್ಪಿದರೆ ಕಾಯಂ.

ಆತ ಅದುವರೆಗೆ ಸಮುದ್ರ ಕಂಡಿರಲಿಲ್ಲ. ಮೊದಲ ಬೆಳಿಗ್ಗೆ ಹಡಗಿನ ಮುಂತುದಿಯಲ್ಲಿ ನಿಂತು ಎರಡು ತಾಸು ಬರೀ ನೀರು ನೋಡಿದ.

"ಗಾಳಿಗೆ ಹುಲ್ಲು ಹೆಂಗ್ ಮಲಗ್ತದೋ ಅಂಗೇ ಐತೆ ಇದೂವೆ. ಮಲಗ್ದೆ ಇರೋ ಕಡೆ ಏನೋ ಐತೆ ಅಂತ ಲೆಕ್ಕ" ಎಂದ.

ಮಧ್ಯಾಹ್ನದೊಳಗೆ ಡಾಲ್ಫಿನ್‌ಗಳನ್ನು, ಒಂದು ಕಡಲಾಮೆಯನ್ನು, ದೂರದ ಬಂಡೆಯ ಮೇಲೆ ಕುಳಿತ ಕಡಲ ಹದ್ದನ್ನು ಎಲ್ಲರಿಗಿಂತ ಮೊದಲು ಕಂಡ. ಜೀವಮಾನವಿಡೀ ಪಾಠ ಮಾಡಿದ ನನಗೆ ಅಂಥ ಕಣ್ಣಿಲ್ಲ.

ಮೂರನೆಯ ದಿನ ತಾಯಿಯ ಪಕ್ಕದಲ್ಲಿ ಡಾಲ್ಫಿನ್ ಮರಿಯೊಂದು ಮೇಲೆದ್ದಿತು. ದೊಡ್ಡಹನುಮಯ್ಯ ಗೆಣ್ಣು ತೋರಿಸಿದ. ಯಾವ ಕಡೆಯೆಂದು ತಿಳಿಯದೆ ಜನ ದಿಕ್ಕಿಗೊಬ್ಬರಂತೆ ನೋಡಿದರು. ಮರಿ ಮುಳುಗಿತು.

"ಬೆರಳಿಗೇನ್ ಬಾಡ್ಗೆ ಕಟ್ಬೇಕಾ ಯಜಮಾನ್ರೇ? ಚಾಚಿ ತೋರ್ಸಿ" ಎಂದ ಸುನೀಲ್.

"ಎಳೇದು ಕಣಪ್ಪ."

"ಅದೇನ್ ಕುಂಬಳಕಾಯಾ?"

"ಕುಂಬಳ ಆಗಿದ್ರೆ ಇನ್ನೊಂದು ಹೀಚು ಬುಡ್ತಿತ್ತು ಬುಡು."

ಕೆಲವರು ನಕ್ಕರು. ಸುನೀಲ್ ನಗಲಿಲ್ಲ. ಕಾರವಾರದಲ್ಲಿ ಇಳಿದ ಮೇಲೆ ಯಜಮಾನರು ಹಾಗೇ ಊರಿಗೆ ಹೋಗಬಹುದು, ಮುಂದಿನ ಪ್ರವಾಸಕ್ಕೆ ಬೇರೆಯವರು ಬರುತ್ತಾರೆ ಎಂದ. "ಹೋಯ್ತೀನಿ" ಎಂದು ದೊಡ್ಡಹನುಮಯ್ಯ ಮತ್ತೆ ನೀರಿನ ಕಡೆ ತಿರುಗಿದ.

ಮರುದಿನ ಹಡಗು ವೇಗವಾಗಿ ಮರಳುತ್ತಿತ್ತು. ಜನ ಒಳಗೆ ಚೀಲ ಕಟ್ಟಿಕೊಳ್ಳುತ್ತಿದ್ದರು. ಮುಂತುದಿಯಲ್ಲಿ ನಾವಿಬ್ಬರೇ. ಆತ ಇದ್ದಕ್ಕಿದ್ದಂತೆ ಚುಕ್ಕಾಣಿಯವನಿಗೆ ಕೂಗಿದ. ಎಂಜಿನ್ ಸದ್ದಿಗೆ ಅದು ಕೇಳಲಿಲ್ಲ. ಗೆಣ್ಣು ಎತ್ತಿ ತೋರಿಸಿದ. ಚುಕ್ಕಾಣಿಯವನು ಗಾಜಿನ ಹಿಂದಿನಿಂದ ನಕ್ಕು ಕೈ ಬೀಸಿದ. ಆಗ ನನಗೂ ಕಂಡಿತು. ನಮ್ಮ ದಾರಿಗೆ ನೇರವಾಗಿ ತಾಯಿ, ಮರಿ.

ದೊಡ್ಡಹನುಮಯ್ಯ ತೋಳು ಚಾಚಿ, ಬೆರಳನ್ನು ನೆಟ್ಟಗೆ ಮರಿಯತ್ತ ಹಿಡಿದ.

ಹಡಗು ಓರೆಯಾಗಿ ತಿರುಗಿತು. ಎರಡು ಬೂದು ಬೆನ್ನುಗಳು ಪಕ್ಕದಲ್ಲೇ ಹಾದುಹೋದವು. ಒಳಗಿದ್ದವರು ಓಡಿಬರುವ ಹೊತ್ತಿಗೆ ಬರೀ ನೀರಿತ್ತು.

"ಏನಾಯ್ತು, ಏನಿತ್ತು?" ಎಂದ ಸುನೀಲ್.

"ಏನಿಲ್ಲ ಬುಡಪ್ಪ."

ಎಲ್ಲರಿಗೂ ಬೆನ್ನು ಮಾಡಿ ನಿಂತು, ಆತ ಆ ಬೆರಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿಕೊಂಡ.