ಹಾಸ್ಟೆಲಿಗೆ ಕಳಿಸಲಿಲ್ಲ

ತೊಂಬತ್ತರ ದಶಕದಲ್ಲಿ ನಾನು ಸಂತೆಬಾಚಹಳ್ಳಿಯಲ್ಲಿ ನರ್ಸಾಗಿದ್ದೆ. ಊರಿಗೆ ನಮ್ಮದೊಂದೇ ಕ್ರೈಸ್ತರ ಮನೆ. ಮೈಸೂರಿನಿಂದ ಬಂದ ಫಾದರ್, "ಇಬ್ಬರು ಹೆಣ್ಣುಮಕ್ಕಳನ್ನೂ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿ, ಇಲ್ಲಿದ್ದರೆ ಜಪ ಮರೆತುಬಿಡುತ್ತಾರೆ" ಎಂದು ಅರ್ಜಿ ಕೊಟ್ಟುಹೋದರು. ಆರು ವರ್ಷದ ದೊಡ್ಡವಳು ಅಂದಿನಿಂದ ನನ್ನ ಸೆರಗನ್ನೇ ಬಿಡಲಿಲ್ಲ.

"ಜಪ ಕಲಿಸಾಕೆ ನಾವಿಲ್ವಾ? ಇಲ್ಲೇ ಓದ್ಲಿ ಬುಡು" ಎಂದರು ನನ್ನ ಗಂಡ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಮುಂದಿನ ಭಾನುವಾರ ಮೈಸೂರಿನ ಚರ್ಚಿಗೆ ಹೋಗಿ ಅರ್ಜಿಯನ್ನು ಹಿಂತಿರುಗಿಸಿ, "ನಾವೇ ಕಲಿಸ್ತೀವಿ ಫಾದರ್" ಎಂದೆ. ಮಕ್ಕಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಿದೆ. ಡ್ಯೂಟಿ ಮುಗಿಸಿ ಎಷ್ಟೇ ದಣಿದು ಬಂದರೂ ಸಂಜೆ ಬೈಬಲ್ ಓದಿಸುವುದನ್ನು ತಪ್ಪಿಸಲಿಲ್ಲ.

ನಾಲ್ಕು ವರ್ಷದ ನಂತರ ಕ್ರಿಸ್‌ಮಸ್ ಪೂಜೆಯಲ್ಲಿ, ತುಂಬಿದ ಅದೇ ಚರ್ಚಿನಲ್ಲಿ ಎಲ್ಲರ ಎದುರು ದೊಡ್ಡವಳು ಬೈಬಲಿನ ಒಂದು ಭಾಗವನ್ನು ಕನ್ನಡದಲ್ಲಿ ಓದಿದಳು. ಎಲ್ಲೂ ತಡವರಿಸಲಿಲ್ಲ. ನನ್ನ ಪಕ್ಕದಲ್ಲಿದ್ದ ಅವರಪ್ಪ ಪ್ರತಿ ಸಾಲನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು.