ಮೊದಲ ಕಪ್ಪೆ ತಿನ್ನುವ ಅಜ್ಜಿ

ಒಂಡಂಗ್ವಾ ಸೀಮೆಯ ಹಟ್ಟಿಹಟ್ಟಿಗೂ ಒಬ್ಬಳು ಕಪ್ಪೆಬಾಕಿ ಅಜ್ಜಿ ಇರುತ್ತಾಳೆ. ನಮ್ಮಲ್ಲಿ ನನ್ನ ಗಂಡನ ಅಜ್ಜಿ, ಮೇಕುಲು ನೌಯೋಮಾ; ಮೇಕುಲು ಅಂದರೆ ಅಜ್ಜಿಯೇ. ರಾಜಧಾನಿ ವಿಂಡ್‌ಹೂಕ್‌ನಲ್ಲಿ ಓದಿ ಬಂದ ನನಗೆ ಕೂಸಿನ ಬಾಯಿಗೆ ಹೋಗುವುದೆಲ್ಲ ಭಯವೇ. ಇವಳಿಗೆ ಮಾತ್ರ ಮಳೆ ಬಿದ್ದರೆ ಸಾಕು, ವರ್ಷವಿಡೀ ಬಯಲಿನ ಜೇಡಿಮಣ್ಣಡಿ ಮಲಗಿದ್ದ ದೊಡ್ಡ ಕಪ್ಪೆಗಳು ಏಳುವ ಮುಂಚೆ ತಾನು ಎದ್ದಿರುತ್ತಾಳೆ. ಬರಿಗಾಲಲ್ಲಿ ನೆಲ ಒತ್ತಿ ನೋಡಿ, "ಇಲ್ಲೊಬ್ಬ ಗೊರಕೆ ಹೊಡೀತಿದಾನೆ" ಎಂದು ಗುದ್ದಲಿ ಹಾಕುತ್ತಾಳೆ. ಕಪ್ಪೆಗಳು ಕೂಗುವ ಮೊದಲೇ ತಿಂದರೆ ಉಚ್ಚೆ ಉರಿದು ಕಟ್ಟುತ್ತದೆ, ಹಾಗಾಗಿ ಅಗೆದು ತೆಗೆದದ್ದನ್ನು ಅವು ಕೂಗುವವರೆಗೆ ಕೂಡಿಡುತ್ತಾಳೆ. ಕೂಗಿದ ಮೇಲೂ ಕೆಲವುಗಳಲ್ಲಿ ವಿಷ ಉಳಿದಿರುತ್ತದೆ. ಅದಕ್ಕೇ ವಿಷ ಹೀರಲೆಂದು ಮಡಕೆಯೊಳಗೆ ತಳಕ್ಕೆ ಒಣ ಸೌದೆಚೂರು ಹಾಸಿ ಬೇಯಿಸುತ್ತಾಳೆ. ಬೆಂದದ್ದೇ ತಡ, ಮಕ್ಕಳ ಕೈ ತಳ್ಳಿ, "ದೂರ ಹೋಗ್ರೋ ನೊಣಗಳಾ! ಮೊದಲನೇದು ನಂದು. ಹಲ್ಲಿಲ್ಲದೋಳಿಗೆ ಹಸಿವಿಲ್ವಾ?" ಎಂದು ಒಬ್ಬಳೇ ನುಂಗಿ, ಮಡಕೆಗೆ ಮುಚ್ಚಳ ಹಾಕಿ, ಮರುದಿನದವರೆಗೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ನಾವೆಲ್ಲ ನಗುತ್ತೇವೆ. ಈ ಸಲ ಆ ಮರುದಿನ ಬೆಳಿಗ್ಗೆ ನನ್ನ ಮಗ ಪೆಂಡಾ ಮಡಕೆಗೆ ಕೈ ಚಾಚಿ ಅಳುತ್ತಿದ್ದ. ಉಚ್ಚೆಗೆಂದು ಬೇಲಿಯ ಹಿಂದೆ ಹೋದ ಅಜ್ಜಿ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಗೂಟ ಹಿಡಿದು, ಬಗ್ಗಿ, ತುಟಿ ಕಚ್ಚಿ ನಿಂತಿದ್ದಳು. ಕಾಲಬಳಿಯ ಮರಳು ಕೆಂಪಾಗಿತ್ತು. "ಮೇಕುಲು, ಆಸ್ಪತ್ರೆಗೆ ಹೋಗೋಣ" ಎಂದೆ. "ಹೋಗೋಣ, ಕಿರಚಬೇಡ ಪಟ್ಟಣದೋಳೆ. ಮೊದ್ಲು ಆ ಮಡಕೆಯಲ್ಲಿರೋದನ್ನ ಹೂತು ಬಾ. ಮಕ್ಳು ಕೇಳಿದ್ರೆ ಅಜ್ಜಿ ಎಲ್ಲಾ ತಿಂದ್ಲು ಅನ್ನು." ಹೂತು ಬಂದು ಹಾಗೆಯೇ ಹೇಳಿದೆ. "ಹೊಟ್ಟೆಬಾಕಿ!" ಎಂದು ಮಕ್ಕಳು ಬೇಲಿಯತ್ತ ಕೂಗಿದರು. ಬೇಲಿಯಾಚೆಯಿಂದ ಅವಳು, ಆ ನೋವಿನಲ್ಲೂ, ಮಕ್ಕಳಿಗೆ ಕೇಳುವಂತೆ ಜೋರಾಗಿ ತೇಗಿದಳು.