ಟಗರು ಮೈ ಝಾಡಿಸಲಿಲ್ಲ

ಮಿರಜದ ಸಂಸ್ಥಾನ ಇನ್ನೂ ಇದ್ದ ಕಾಲ. ಬೇಡಗ ಊರಿನ ಮಾಳವ್ವನದು ತಲೆತಲಾಂತರದಿಂದ ಕುರಿ ಸಾಕಿಕೊಂಡು, ಕುರಿ ತಿಂದುಕೊಂಡು ಬಂದ ಮನೆತನ. ಅವಳು ಖಾರ ಅರೆದರೆ ಓಣಿಯವರೆಲ್ಲ ಮೂಗು ಅರಳಿಸುತ್ತಿದ್ದರು. ಒಬ್ಬನೇ ಮಗ ಧೋಂಡಿಬಾ ಜ್ವರ ಹತ್ತಿ ಮಿರಜದ ದವಾಖಾನೆಯಲ್ಲಿ ಮಲಗಿದಾಗ, ಅವಳು ಬೀರದೇವರಿಗೆ ಟಗರಿನ ಹರಕೆ ಹೊತ್ತಳು. ಮಗ ಎದ್ದು ಕುಳಿತ. ಆ ವರ್ಷ ಹುಟ್ಟಿದ ತಬ್ಬಲಿ ಮರಿಯೊಂದನ್ನು ದೇವರ ಹೆಸರಿಗೆ ಮೀಸಲಿಟ್ಟು, ಬೆರಳಿಗೆ ಹಾಲು ಹಚ್ಚಿ ಚೀಪಿಸಿ ಬೆಳೆಸಿದಳು. ಮೀಸಲು ಟಗರೆಂದು ಅದರ ಉಣ್ಣೆಗೆ ಕತ್ತರಿ ಮುಟ್ಟಿಸಲಿಲ್ಲ.

ಹರಕೆ ತೀರಿಸುವ ದಿನ ಬಂಧುಬಳಗ ಸೇರಿತು. ಪೂಜಾರಿ ಅಮೋಘಸಿದ್ಧ ಟಗರಿನ ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಬೆನ್ನಿಗೆ ತಂಬಿಗೆಯ ನೀರು ಸುರಿದ. ನೀರು ಬಿದ್ದು ಟಗರು ಮೈ ಕೊಡವಿ ಝಾಡಿಸಿದರೆ ಅದು ಸಾಯಲು ಒಪ್ಪಿತೆಂದು ಅವರ ನಂಬಿಕೆ. ಆಮೇಲೆ ಕೊಯ್ದವರಿಗೆ ಪಾಪವಿಲ್ಲ, ತಿಂದವರಿಗೂ ಇಲ್ಲ.

ಟಗರು ಮೈ ಝಾಡಿಸಲಿಲ್ಲ. ಮಾಳವ್ವನ ಸೆರಗು ಮೂಸುತ್ತ ನಿಂತಿತು. ಇನ್ನೊಂದು ತಂಬಿಗೆ ಸುರಿದದ್ದಾಯಿತು. ಆಗಲೂ ಹಾಗೆಯೇ ನಿಂತಿತು.

“ಉಣ್ಣಿ ಭಾಳ ಬೆಳದೈತಿ, ನೀರು ತೊಗಲಿಗೆ ಮುಟ್ಟವಲ್ದು,” ಎಂದ ಅಮೋಘಸಿದ್ಧ. “ಕಿವ್ಯಾಗ ಎರಡು ಹನಿ ಬಿಡೂಣು.”

ಮಾಳವ್ವ ಟಗರಿನ ಕಿವಿಯನ್ನು ಅಂಗೈಯಿಂದ ಮುಚ್ಚಿದಳು. “ಕಿವ್ಯಾಗ ನೀರು ಬಿಟ್ರ ನೀವೂ ತಲಿ ಝಾಡಸ್ತೀರಿ, ಕಾಕಾ. ಅದಕ್ಕ ನೀವು ಒಪ್ಪಿದ್ರಿ ಅನ್ನೂಣೇನು?”

ನೆರೆದವರು ನಕ್ಕರು. ಅವಳು ನಗಲಿಲ್ಲ.

ಗಂಡ ವಿಠೋಬಾ ಹತ್ತಿರ ಬಂದ. “ಹುಚ್ಚಿ, ಇದು ಹುಟ್ಟಿದ್ದ ಇದಕ್ಕ. ನಾವು ಬಿಟ್ರ ತೋಳ ಬಿಡತೈತೇನು? ನಮ್ಮ ಅಜ್ಜ, ಮುತ್ತ್ಯಾ ಎಲ್ಲಾರೂ ತಿಂದಾರ. ನೀನೂ ತಿಂದೀದಿ.”

“ತಿಂದೇನಿ, ಇಲ್ಲ ಅನ್ನಂಗಿಲ್ಲ. ಆದ್ರ ಇದನ್ನ ಕೇಳೀವಿ. ಕೇಳಿದ ಮ್ಯಾಲೆ ಅದು ಏನ ಅಂತೈತಿ ಅಂತ ನೋಡಬೇಕೋ ಬ್ಯಾಡೋ?”

“ಹರಕಿ ತಪ್ಪಿದ್ರ ಹುಡುಗನ ಮ್ಯಾಲೆ ಬರತೈತಿ.” ವಿಠೋಬಾನ ದನಿ ಇಳಿದಿತ್ತು.

ಮಾಳವ್ವ ಮಗನತ್ತ ನೋಡಿದಳು. ಕಿವಿಯನ್ನು ಮಾತ್ರ ಬಿಡಲಿಲ್ಲ. “ಹರಕಿ ಹೊತ್ತಾಕಿ ನಾ. ಬಂದ್ರ ನನ್ನ ಮ್ಯಾಲೆ ಬರ್ಲಿ.”

ಒಪ್ಪದ ಟಗರಿಗೆ ಕತ್ತಿ ಎತ್ತಲು ಅಮೋಘಸಿದ್ಧನಿಗೂ ಮನಸ್ಸಾಗಲಿಲ್ಲ. “ದೇವರ ಹೆಸರಿಗೆ ಜೀವಂತ ಬಿಡ್ರಿ,” ಎಂದು ತಂಬಿಗೆ ಕೆಳಗಿಟ್ಟ. ಅಂದಿನ ಊಟಕ್ಕೆ ಕಡಲೆಹಿಟ್ಟಿನ ಝುಣಕ, ರೊಟ್ಟಿ. “ವೈನಿ, ಝುಣಕಾ ತಿನ್ನಾಕ ಮ್ಹೈಸಾಳದಿಂದ ನಡಕೋತ ಬಂದ್ನೇನು ನಾ?” ಎಂದು ಮೈದುನ ಗೊಣಗಿದ. ಗೊಣಗುತ್ತಲೇ ಮತ್ತೊಂದು ರೊಟ್ಟಿ ಹಾಕಿಸಿಕೊಂಡ.

ಮಳೆಗಾಲದಲ್ಲಿ ಧೋಂಡಿಬಾನಿಗೆ ಮತ್ತೆ ಜ್ವರ ಬಂತು. ಮಾಳವ್ವ ಹಗ್ಗ ಹಿಡಿದು ದೇವರ ಟಗರಿನ ಮುಂದೆ ನಿಂತದ್ದನ್ನು ನೆರೆಮನೆಯ ಹಣಮವ್ವ ಕಂಡಳು. ಮಾಳವ್ವ ಬಹಳ ಹೊತ್ತು ನಿಂತು, ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ, ಮಗನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಮಿರಜಕ್ಕೆ ಹೋದಳು. ಜ್ವರ ಇಳಿಯುವವರೆಗೂ ಅವಳು ಮಗನ ಹಾಸಿಗೆಯ ಪಕ್ಕದಿಂದ ಏಳಲಿಲ್ಲ.

ಮುಂದೆ ಅವಳು ಮಾಂಸ ಮುಟ್ಟಲಿಲ್ಲ. ಮನೆಯವರಿಗೆ ಎಂದಿನಂತೆ ಮಾಡಿ ಬಡಿಸುವಳು. ಯಾರಾದರೂ ಕೇಳಿದರೆ “ಬಾಯಿಗೆ ಸೇರಂಗಿಲ್ಲ” ಎನ್ನುವಳು. ಸಾಂಗಲಿಯಿಂದ ಉಣ್ಣೆ ಕೊಳ್ಳಲು ಬರುತ್ತಿದ್ದ ಜೈನ ವ್ಯಾಪಾರಿ ಧರಣೇಂದ್ರನಿಗೆ ಇದನ್ನು ಕೇಳಿ ಸಂತೋಷವೋ ಸಂತೋಷ.

“ಮಾಳವ್ವ, ನಮ್ಮ ಧರ್ಮಕ್ಕ ಬಂದಿ ನೋಡು. ಭಾಳ ಪುಣ್ಯೇದ ಕೆಲಸ ಮಾಡೀದಿ.”

“ಪುಣ್ಯಾ ಎಲ್ಲೀದ್ರಿ ಸಾವ್ಕಾರ್ರ? ನಾಳೆ ನಮ್ಮನಿಯವರು ಮಿರಜ ಸಂತಿಗೆ ಉಳದ ಟಗರು ಹೊಡಕೊಂಡು ಹೊಂಟಾರ. ಕೊಯ್ಯಾವರಿಗೇ ಮಾರೂದು.”

“ಮತ್ತ ಅವು?”

ಮಾಳವ್ವ ಕತ್ತರಿಯ ಅಲಗಿಗೆ ಅಂಟಿದ ಉಣ್ಣೆಯನ್ನು ಬಿಡಿಸಿದಳು.

“ಅವನ್ನ ಕೇಳಿಲ್ರಿ. ಕೇಳಾಕ ಧೈರ್ಯ ಆಗಿಲ್ಲ.”

ಧರಣೇಂದ್ರ ತಕ್ಕಡಿ ಎತ್ತಿದ. ದೇವರ ಟಗರು ಅವರಿಬ್ಬರ ನಡುವೆ ನಿಧಾನವಾಗಿ ಹಾದುಹೋಗಿ ಬೇವಿನ ನೆರಳಲ್ಲಿ ಮಲಗಿತು.